ಪ್ರೇಕ್ಷಕರು ಕೇಳಿ ಪಡೆದ ಎರಡು ಫೈಟು

ಶಿಕಾಗೋದ ಮಿಡ್‌ವೇ ಕಂಪನಿಯಲ್ಲಿ ಕೆಲಸಕ್ಕಿದ್ದ ಎಡ್ ಬೂನ್ ಮತ್ತು ಜಾನ್ ಟೋಬಯಸ್ ಎಂಬ ಇಬ್ಬರು ಹುಡುಗರಿಗೆ ಒಬ್ಬ ಹೀರೋ ಬೇಕಾಗಿದ್ದ. ಕಾಸು ಹಾಕಿ ಆಡುವ ಯಂತ್ರಕ್ಕೆ ಹೊಡೆದಾಟದ ಆಟವೊಂದನ್ನು ಮಾಡುವುದು, ಅದರೊಳಗೆ ಜೀನ್ ಕ್ಲಾಡ್ ವ್ಯಾನ್ ಡ್ಯಾಮ್‌ನನ್ನೇ ಇಳಿಸುವುದು ಅವರ ಲೆಕ್ಕಾಚಾರ. 1988ರ ‘ಬ್ಲಡ್‌ಸ್ಪೋರ್ಟ್’ ಚಿತ್ರದಿಂದ ಆತ ಆಗಲೇ ಮನೆಮಾತಾಗಿದ್ದ. ಮಾತುಕತೆ ಕೈಗೂಡಲಿಲ್ಲ. ಆ ಸಿಟ್ಟಿಗೋ ತಮಾಷೆಗೋ, ತನ್ನನ್ನು ತಾನೇ ಹೊಗಳಿಕೊಳ್ಳುವ ಹಾಲಿವುಡ್ ನಟನ ಪಾತ್ರವೊಂದನ್ನು ಅವರು ಸೃಷ್ಟಿಸಿದರು. ಹೆಸರು ಜಾನಿ ಕೇಜ್. ಇನಿಶಿಯಲ್ ಮಾತ್ರ ವ್ಯಾನ್ ಡ್ಯಾಮ್‌ನ ಹೆಸರಿನದೇ, ಜೆ.ಸಿ.

ಸ್ಟಾರ್ ಇಲ್ಲದ ಆ ಆಟಕ್ಕೆ ಪರಿಚಯದ ಕರಾಟೆ, ವೂಶು ಹುಡುಗರನ್ನೇ ಕರೆತಂದು ವಿಡಿಯೊ ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಅವರ ಒದೆತ, ಗುದ್ದುಗಳನ್ನು ಒಂದೊಂದೇ ಚೌಕಟ್ಟಾಗಿ ಕಂಪ್ಯೂಟರಿಗೆ ಇಳಿಸಿದರು. ಹಳದಿ ಉಡುಪಿನ ಸ್ಕಾರ್ಪಿಯನ್, ನೀಲಿ ಉಡುಪಿನ ಸಬ್‌ಜೀರೋ ಇಬ್ಬರೂ ಅಸಲಿಗೆ ಒಬ್ಬನೇ ನಟ, ಬಣ್ಣ ಮಾತ್ರ ಬೇರೆ. ಆಮೇಲೆ ಹಳದಿಗೂ ನೀಲಿಗೂ ನಡುವಿನ ಹಸಿರು ಹಚ್ಚಿ ಮೂರನೆಯವನನ್ನು ಹುಟ್ಟಿಸಿ ಆಟದೊಳಗೆ ಬಚ್ಚಿಟ್ಟರು. ಅವನೇ ರೆಪ್ಟೈಲ್. ಅವನು ಎದುರಾಗಬೇಕಾದರೆ ಸೇತುವೆಯ ಮೇಲಿನ ಪಂದ್ಯದಲ್ಲಿ ಚಂದ್ರನ ಮುಂದೆ ನೆರಳೊಂದು ಹಾದುಹೋಗಬೇಕು, ಎರಡೂ ಸುತ್ತನ್ನು ಒಂದೇ ಒಂದು ಏಟು ತಿನ್ನದೆ, ತಡೆಯುವ ಗುಂಡಿಯನ್ನೂ ಮುಟ್ಟದೆ ಗೆಲ್ಲಬೇಕು, ಕೊನೆಗೆ ಎದುರಾಳಿಯನ್ನು ‘ಫೇಟಾಲಿಟಿ’ ಎಂಬ ಘೋರ ಪೆಟ್ಟಿನಿಂದ ಮುಗಿಸಬೇಕು. ಅವನನ್ನು ಕಂಡವರಿಗಿಂತ ಅವನ ಸುದ್ದಿ ಕೇಳಿದವರೇ ಹೆಚ್ಚು. ಈ ಹಸಿರು ಮನುಷ್ಯ ಮುಂದೆ ಒಂದು ಸಿನಿಮಾವನ್ನು ಉಳಿಸುತ್ತಾನೆಂದು ಯಾರೂ ಎಣಿಸಿರಲಿಲ್ಲ.

1992ರಲ್ಲಿ ಆ ಆಟ ‘ಮಾರ್ಟಲ್ ಕೊಂಬಾಟ್’ ಎಂಬ ಹೆಸರಿನಲ್ಲಿ ಗೇಮ್ ಅಂಗಡಿಗಳಿಗೆ ಬಂತು, ಹುಡುಗರು ಮುಗಿಬಿದ್ದರು. 1993ರ ಸೆಪ್ಟೆಂಬರ್ 13ರ ಸೋಮವಾರ ಅದು ಮನೆಯ ಟಿ.ವಿ.ಗೂ ಬಂತು. ಬೆನ್ನೆಲುಬನ್ನು ಕಿತ್ತು ಎತ್ತಿಹಿಡಿಯುವ ದೃಶ್ಯ ಕಂಡ ತಾಯ್ತಂದೆಯರು ಹೌಹಾರಿದರು. ಡಿಸೆಂಬರಿನಲ್ಲಿ ಸೆನೆಟರ್‌ಗಳಾದ ಜೋಸೆಫ್ ಲೀಬರ್ಮನ್ ಮತ್ತು ಹರ್ಬ್ ಕೋಲ್ ವಾಷಿಂಗ್ಟನ್ನಿನಲ್ಲಿ ವಿಚಾರಣೆಯನ್ನೇ ನಡೆಸಿದರು. ಆಟ ಓಡುತ್ತಿರುವುದೇ ರಕ್ತದಿಂದ ಎಂಬ ಮಾತಿನಲ್ಲಿ ಬೈದವರೂ ಹೊಗಳಿದವರೂ ಒಂದಾಗಿದ್ದರು.

ಇಷ್ಟೆಲ್ಲ ನಡೆಯುವಾಗ ಲ್ಯಾರಿ ಕಸನೋಫ್ ಎಂಬ ನಿರ್ಮಾಪಕ ಮಿಡ್‌ವೇ ಕಂಪನಿಯವರ ಬೆನ್ನು ಬಿದ್ದಿದ್ದ. ‘ಟರ್ಮಿನೇಟರ್ 2’ ತಯಾರಾದ ಕಂಪನಿಯಲ್ಲಿ ಪಳಗಿದವನು. ಯಂತ್ರದ ಮುಂದೆ ಒಂದಷ್ಟು ಹೊತ್ತು ನಿಂತು ಆಡಿದವನಿಗೆ ಇದರಲ್ಲಿ ಸಿನಿಮಾ ಇದೆ ಅನ್ನಿಸಿತು. ಆಟ ಮಾಡಿದವರಿಗೇ ಹಾಗೆ ಅನ್ನಿಸಿರಲಿಲ್ಲ. ಅವರದು ಆಟಿಕೆಯ ವ್ಯಾಪಾರ, ಇವನದು ಹುಚ್ಚು. ತಿಂಗಳುಗಟ್ಟಲೆ ಕಾಡಿ ಬೇಡಿ ಹಕ್ಕು ಪಡೆದ. ಹಿತೈಷಿಗಳು ನಿನ್ನ ಕತೆ ಮುಗಿಯಿತು ಎಂದರು.

ಅವರು ಹೇಳಿದ್ದರಲ್ಲಿ ಹುರುಳಿತ್ತು. ವಿಡಿಯೊ ಗೇಮನ್ನೇ ಸಿನಿಮಾ ಮಾಡಿದ 1993ರ ‘ಸೂಪರ್ ಮಾರಿಯೋ ಬ್ರದರ್ಸ್’ಗೆ ಸುಮಾರು 4.8 ಕೋಟಿ ಡಾಲರ್ ಸುರಿದಿದ್ದರು. ಅಮೆರಿಕದಲ್ಲಿ ಬಂದದ್ದು 2.1 ಕೋಟಿಯಷ್ಟು. ಮರುವರ್ಷ ಇನ್ನೊಂದು ಆಟದ ಚಿತ್ರ ‘ಡಬಲ್ ಡ್ರ್ಯಾಗನ್’ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಅದೇ ಡಿಸೆಂಬರಿನಲ್ಲಿ ಬಂದದ್ದು ಎದುರಾಳಿ ಕಂಪನಿಯ ಆಟದ ಚಿತ್ರ ‘ಸ್ಟ್ರೀಟ್ ಫೈಟರ್’. ಬೂನ್ ಮತ್ತು ಟೋಬಯಸ್‌ಗೆ ಸಿಗದ ವ್ಯಾನ್ ಡ್ಯಾಮ್ ಇದಕ್ಕೆ ಹೀರೋ! ಚಿತ್ರ ದುಡ್ಡು ಮಾಡಿತು, ಮರ್ಯಾದೆ ಕಳೆದುಕೊಂಡಿತು. ಆಟದ ನಿಜವಾದ ನಾಯಕರಾದ ರಿಯು ಮತ್ತು ಕೆನ್ ಅದರಲ್ಲಿ ಮೋಸಗಾರರಾಗಿ ಮೂಲೆ ಸೇರಿದ್ದರು. ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆಟವನ್ನು ಟ್ಯಾಂಕು, ದೋಣಿ, ಮಷಿನ್ ಗನ್ನುಗಳ ಯುದ್ಧದ ಚಿತ್ರ ಮಾಡಿಬಿಟ್ಟಿದ್ದರು. ಸಾಯುವ ಮುನ್ನ ರಾವುಲ್ ಜೂಲಿಯಾ ನಟಿಸಿದ್ದ ಖಳನ ಪಾತ್ರವೊಂದೇ ಜನರ ನೆನಪಿನಲ್ಲಿ ಉಳಿದದ್ದು. ಹಣ ಸುರಿದರೆ ಗೆಲ್ಲಬಹುದು ಎಂಬ ನಂಬಿಕೆಯನ್ನು ಮಾರಿಯೋ ಮುರಿದಿದ್ದರೆ, ಸ್ಟಾರ್ ಇದ್ದರೆ ಸಾಕು ಎಂಬುದನ್ನು ವ್ಯಾನ್ ಡ್ಯಾಮ್ ಮುರಿದಿದ್ದ.

ಕಸನೋಫ್‌ಗೆ ಸಿಕ್ಕ ನಿರ್ದೇಶಕನಾದರೂ ಯಾರು? ಇಂಗ್ಲೆಂಡಿನ ನ್ಯೂಕಾಸಲ್‌ನ ಪಾಲ್ ಆಂಡರ್ಸನ್. ಮೂವತ್ತೂ ತುಂಬಿರಲಿಲ್ಲ, ‘ಶಾಪಿಂಗ್’ ಎಂಬ ಒಂದೇ ಒಂದು ಸಣ್ಣ ಚಿತ್ರ ಮಾಡಿದ್ದ. ಗ್ರಾಫಿಕ್ಸ್ ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಸಂದರ್ಶನಕ್ಕೆ ಮುಂಚೆ ಆ ವಿಷಯದ ಪುಸ್ತಕಗಳನ್ನೆಲ್ಲ ಗುಡ್ಡೆಹಾಕಿಕೊಂಡು ಓದಿ, ಬಾಯಿಪಾಠ ಮಾಡಿದ ಪದಗಳನ್ನು ಉದುರಿಸಿ ಕೆಲಸ ಗಿಟ್ಟಿಸಿದೆ ಎಂದು ಮುಂದೆ ಅವನೇ ನಗುತ್ತ ಹೇಳಿಕೊಂಡ. ಒಂದು ವಿಷಯದಲ್ಲಿ ಮಾತ್ರ ಬೂಟಾಟಿಕೆ ಇರಲಿಲ್ಲ. ಅವನು ಆ ಯಂತ್ರಕ್ಕೆ ಕಾಸು ಹಾಕಿ ಆಡಿದ್ದವನು. ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ ಮತ್ತು ರೇ ಹ್ಯಾರಿಹೌಸೆನ್‌ನ ಅಸ್ಥಿಪಂಜರಗಳ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ ಎರಡನ್ನೂ ಒಂದೇ ಚಿತ್ರದಲ್ಲಿ ಬೆರೆಸುವುದು ಅವನ ಆಸೆ.

ತಾರಾಗಣ ಕೂಡಿದ್ದು ಮುಕ್ಕಾಲು ಪಾಲು ಆಕಸ್ಮಿಕದಿಂದ. ಸೋನ್ಯಾ ಪಾತ್ರಕ್ಕೆ ‘ದಿ ಮಾಸ್ಕ್’ನಿಂದ ಹೆಸರಾಗಿದ್ದ ಕ್ಯಾಮರೂನ್ ಡಯಾಜ್ ಗೊತ್ತಾಗಿದ್ದಳು. ತಾಲೀಮಿನಲ್ಲಿ ಮಣಿಕಟ್ಟು ಮುರಿಯಿತು. ಕೊನೆ ಗಳಿಗೆಯಲ್ಲಿ ಬ್ರಿಜೆಟ್ ವಿಲ್ಸನ್‌ಗೆ ಕರೆಹೋಯಿತು. ಆಕೆ ಚಿತ್ರೀಕರಣದ ನಡುನಡುವೆಯೇ ಒದೆಯುವುದನ್ನು ಕಲಿತಳು. ಮಾಂತ್ರಿಕ ಶಾಂಗ್ ಸುಂಗ್‌ನ ಪಾತ್ರಕ್ಕೆ ಕ್ಯಾರಿ ಹಿರೊಯುಕಿ ಟಗಾವ ವೇಷ ಹಾಕಿಕೊಂಡೇ ಆಡಿಶನ್‌ಗೆ ಬಂದ. ಕುರ್ಚಿ ಹತ್ತಿ ನಿಂತು ಸಂಭಾಷಣೆ ಹೇಳಿದ ಮೇಲೆ ಬೇರೆ ಯಾರನ್ನೂ ನೋಡುವ ಅಗತ್ಯ ಬೀಳಲಿಲ್ಲ. ನಾಯಕ ಲ್ಯೂ ಕಾಂಗ್ ಆದವನು ರಾಬಿನ್ ಶೂ. ಸಿವಿಲ್ ಎಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ಹಾಂಗ್‌ಕಾಂಗಿನ ಚಿತ್ರಗಳಲ್ಲಿ ಬಿದ್ದು ಎದ್ದು ಏಟು ತಿಂದು ಬಂದಿದ್ದ. ವಿಡಿಯೊ ಗೇಮಿನ ಸಿನಿಮಾ ಎಂದಾಗ ಮೂಗು ಮುರಿದವನು ಅವನೇ.

ಥಾಯ್ಲೆಂಡಿನ ಕ್ರಾಬಿಯಲ್ಲಿ ಚಿತ್ರೀಕರಣ ನಡೆದ ಕಡಲತೀರಕ್ಕೆ ರಸ್ತೆಯಿಲ್ಲ. ಕ್ಯಾಮೆರಾ, ದೀಪ, ಊಟ, ನಟರು ಎಲ್ಲವೂ ದೋಣಿಯಲ್ಲೇ ಹೋಗಬೇಕು. ಅಯುತ್ಥಯದ ಹದಿನೇಳನೇ ಶತಮಾನದ ಪಾಳು ದೇಗುಲ ವಾಟ್ ಚಾಯ್ವತ್ಥನರಾಮ್ ಲ್ಯೂ ಕಾಂಗ್‌ನ ಗುರುಮಠವಾಯಿತು. ಅಮೆರಿಕದಲ್ಲಿ ಬೇರೆಯೇ ಕಾಟ. ನಾಲ್ಕು ಕೈಯ ರಾಕ್ಷಸ ಗೋರೋನನ್ನು ರಬ್ಬರು, ಮೋಟಾರುಗಳಿಂದ ಕಟ್ಟಿದ್ದರು. ತಗುಲಿದ ಖರ್ಚು 10 ಲಕ್ಷ ಡಾಲರ್‌ಗೂ ಮೇಲೆ. ಒಳಗೆ ಒಬ್ಬ ಮನುಷ್ಯ, ಹೊರಗೆ ರಿಮೋಟ್ ಹಿಡಿದ ಹತ್ತಕ್ಕೂ ಹೆಚ್ಚು ಮಂದಿ. ಒಬ್ಬ ಹುಬ್ಬು ಕುಣಿಸಿದರೆ ಇನ್ನೊಬ್ಬ ತುಟಿ ಆಡಿಸಬೇಕು. ಹುಬ್ಬು ಸರಿಹೋದಾಗ ಕೈ ಕೆಡುತ್ತಿತ್ತು, ಕೈ ಸರಿಹೋದಾಗ ಬಾಯಿ.

ಅಂತೂ ಚಿತ್ರ ಮುಗಿಯಿತು. ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿ ಅಭಿಪ್ರಾಯ ಕೇಳುವ ಟೆಸ್ಟ್ ಸ್ಕ್ರೀನಿಂಗ್ ಹಾಲಿವುಡ್ಡಿನ ಪದ್ಧತಿ. ನಿರ್ದೇಶಕರಿಗೆ ಅದು ಪರೀಕ್ಷೆಯ ಫಲಿತಾಂಶ ಇದ್ದಂತೆ, ಪ್ರೇಕ್ಷಕರು ಅಭಿಪ್ರಾಯ ಬರೆದುಕೊಡುವ ಚೀಟಿಗಳಲ್ಲಿ ಚಿತ್ರಗಳು ಸತ್ತಿರುವುದೂ ಉಂಟು. ಆಂಡರ್ಸನ್‌ನ ಚಿತ್ರಕ್ಕೆ ಬಂದ ದೂರು ವಿಚಿತ್ರವಾಗಿತ್ತು. ಯಾರೂ ರಕ್ತ ಕಡಿಮೆಯಾಯಿತು ಎಂದು ಹಟ ಹಿಡಿಯಲಿಲ್ಲ. ಮಕ್ಕಳೂ ನೋಡಬಹುದಾದ ಪಿಜಿ-13 ಸರ್ಟಿಫಿಕೇಟಿನ ಚಿತ್ರ ಅದು, ಸೆನೆಟ್ ಬೈದ ನೆತ್ತರಿನ ಹನಿಯೂ ಇಲ್ಲವೆನ್ನುವಷ್ಟು ಕಡಿಮೆ. ಕತೆ ತೆಳುವಾಯಿತು ಎಂದೂ ಅವರಿಗೆ ಅನ್ನಿಸಿರಲಿಲ್ಲ. ಚಿತ್ರ ಇಷ್ಟವಾಗಿತ್ತು. ಫೈಟು ಸಾಲದು ಎಂದರು, ಅಷ್ಟೇ.

ಹೊಡೆದಾಟದ ಪಂದ್ಯಾವಳಿಯ ಚಿತ್ರದಲ್ಲಿ ಹೊಡೆದಾಟವೇ ಕಡಿಮೆ! ಇಷ್ಟು ಜನ ಬುದ್ಧಿವಂತರಿಗೆ ಇದು ಹೊಳೆಯದೆ ಹೋದದ್ದು ಹೇಗೆಂದು ಈಗ ಸೋಜಿಗವಾಗುತ್ತದೆ. ಆದರೆ ಗೋರೋನ ಹುಬ್ಬು, ದೋಣಿಯ ಬಾಡಿಗೆ, ಮುರಿದ ಮಣಿಕಟ್ಟುಗಳ ನಡುವೆ ಸಿಕ್ಕಿಬಿದ್ದವರಿಗೆ ಇಂಥದ್ದು ಕಾಣುವುದು ಕಷ್ಟ. ನಿರ್ಮಾಣ ಸಂಸ್ಥೆ ನ್ಯೂ ಲೈನ್‌ನವರು ಗೊಣಗದೆ ಇನ್ನಷ್ಟು ಹಣ ಬಿಚ್ಚಿದರು, ಕ್ಯಾಮೆರಾ ಮತ್ತೆ ಹೊರಬಂತು. ‘ಕರಾಟೆ ಕಿಡ್’ನ ಫೈಟ್ ಮಾಸ್ಟರ್ ಪ್ಯಾಟ್ ಜಾನ್ಸನ್ ಅಲ್ಲಿಯವರೆಗೆ ಬಹುಪಾಲು ಕಾಳಗಗಳನ್ನು ಕಟ್ಟಿದ್ದ. ಹೊಸ ಎರಡು ಫೈಟುಗಳಲ್ಲಿ ರಾಬಿನ್ ಶೂನ ಹಾಂಗ್‌ಕಾಂಗ್ ಅನುಭವ ಕೈಹಿಡಿಯಿತು. ಸಿನಿಮಾ ಎಂದಾಗ ಮೂಗು ಮುರಿದವನೇ ಈಗ ಅದರ ಏಟು, ಎಗರು, ಉರುಳನ್ನು ಕಟ್ಟಿಕೊಡಬೇಕಾಯಿತು.

ಮೊದಲನೆಯದು ಜಾನಿ ಕೇಜ್ ಮತ್ತು ಸ್ಕಾರ್ಪಿಯನ್‌ನದು. ಥಾಯ್ಲೆಂಡಿನ ಸಾಲುಮರಗಳ ನಡುವೆ ತೆಗೆದಿದ್ದ ಭಾಗ ಹಾಗೇ ಉಳಿಯಿತು, ಕಾಳಗ ಅಲ್ಲಿಂದ ಪಾತಾಳದಂಥ ಜಾಗಕ್ಕೆ ಜಿಗಿಯಿತು. ಮರದ ಅಟ್ಟಣಿಗೆಗಳು, ಎಲುಬುಗಳು, ಹೊಗೆ. ಸ್ಕಾರ್ಪಿಯನ್ ಮುಖವಾಡ ಕಿತ್ತರೆ ಒಳಗೆ ತಲೆಬುರುಡೆ, ಬಾಯಿಂದ ಬೆಂಕಿ. ಜಾನಿ ಕೇಜ್ ಅವನನ್ನು ಸೀಳಿ ಉರಿಸಿದ ಮೇಲೆ ಅವಶೇಷಗಳ ನಡುವೆ ಒಂದು ಫೋಟೊ ಬಂದು ಬೀಳುತ್ತದೆ. ಜಾನಿಯದೇ ಫೋಟೊ, ಅವನದೇ ಸಹಿ, ಅಭಿಮಾನಿಗೆ ಎಂಬ ಒಕ್ಕಣೆ. ಆಟದ ಎರಡನೇ ಭಾಗದಲ್ಲಿ ಸೋತವನನ್ನು ಕೊಲ್ಲದೆ ಸಹಿ ಹಾಕಿದ ಫೋಟೊ ಕೊಡುವ ಚೇಷ್ಟೆ ಈ ಪಾತ್ರಕ್ಕೆ ಮೊದಲೇ ಇತ್ತು. ಆಡಿದವರಿಗಷ್ಟೇ ತಿಳಿಯುವ ಗುಟ್ಟು ಅದು. ಈ ಫೈಟಿನಲ್ಲಿ ಜಾನಿ ಕೇಜ್ ಆಗಿದ್ದ ನಟ ಲಿಂಡನ್ ಆಶ್ಬಿಯ ಮೂತ್ರಪಿಂಡಕ್ಕೆ ಪೆಟ್ಟಾಯಿತು.

ಎರಡನೆಯದಕ್ಕೆ ಹಸಿರು ಮನುಷ್ಯ ಎದ್ದುಬಂದ. ಚಿತ್ರದಲ್ಲಿ ಅಲ್ಲಿಯತನಕ ರೆಪ್ಟೈಲ್ ಎಂದರೆ ಗೋಡೆ ಹತ್ತುವ ಒಂದು ಕಂಪ್ಯೂಟರ್ ಹಲ್ಲಿ. ಲ್ಯೂ ಕಾಂಗ್ ಅದನ್ನು ಹಿಡಿದು ವಿಗ್ರಹವೊಂದಕ್ಕೆ ಬಡಿದಾಗ ಕಲ್ಲು ಅದನ್ನು ನುಂಗುತ್ತದೆ, ಮರುಗಳಿಗೆ ವಿಗ್ರಹವೇ ಹಸಿರು ಉಡುಪಿನ ಹೋರಾಟಗಾರನಾಗಿ ತಿರುಗಿ ನಿಲ್ಲುತ್ತದೆ. ಶಿಕಾಗೋದವರು ಬಚ್ಚಿಟ್ಟಿದ್ದ, ಸಾವಿರ ಸಲ ಕಾಸು ಹಾಕಿದರೂ ಕಾಣದವನು ಟಿಕೆಟ್ ಕೊಂಡವರೆಲ್ಲರ ಮುಂದೆ ಬಂದ. ಕೀತ್ ಕುಕ್ ಆ ವೇಷದಲ್ಲಿದ್ದ. ಆ ಕಾಳಗದಲ್ಲಿ ರಾಬಿನ್ ಶೂ ಕಂಬಕ್ಕೆ ಅಪ್ಪಳಿಸಿದ, ಪಕ್ಕೆಲುಬು ಬಿರಿಯಿತು. ಹೇಳಿದರೆ ಕೆಲಸ ನಿಲ್ಲುತ್ತದೆಂದು ಬಾಯಿ ಬಿಡದೆ ಫೈಟು ಮುಗಿಸಿದ. ಇಂದಿಗೂ ಅಭಿಮಾನಿಗಳು ಚಿತ್ರದ ಒಳ್ಳೆಯ ಕಾಳಗ ಯಾವುದೆಂದು ಜಗಳಾಡುವುದು ಹೆಚ್ಚಾಗಿ ಈ ಎರಡರ ಬಗ್ಗೆಯೇ.

ಸಂಗೀತದ ವಿಷಯದಲ್ಲೂ ಹಟವೇ ಗೆದ್ದಿತು. ಕಸನೋಫ್‌ಗೆ ಟೆಕ್ನೋ ಸಂಗೀತವೇ ಬೇಕಿತ್ತು. ದೊಡ್ಡ ಧ್ವನಿಮುದ್ರಣ ಕಂಪನಿಗಳು ಅದನ್ನು ಯಾರು ಕೇಳುತ್ತಾರೆ ಎಂದು ತಲೆಯಾಡಿಸಿದವು, ಕೊನೆಗೆ ಟಿವಿಟಿ ಎಂಬ ಚಿಕ್ಕ ಕಂಪನಿ ಹೊರತಂದಿತು. ಬೆಲ್ಜಿಯಮ್ಮಿನ ‘ದಿ ಇಮ್ಮಾರ್ಟಲ್ಸ್’ ತಂಡದ ಹಾಡಿನಲ್ಲಿ ಆಟದ ಹೆಸರನ್ನು ಕಿರುಚುವ ಕೂಗೊಂದಿದೆ, 1993ರ ಆಟದ ಜಾಹೀರಾತಿನಿಂದ ಎತ್ತಿದ್ದು. ಚಿತ್ರ ಶುರುವಾಗುವುದೇ ಆ ಕೂಗಿನಿಂದ. ಹಾಡುಗಳ ಆಲ್ಬಂ ಪ್ಲಾಟಿನಂ ಆಯಿತು.

1995ರ ಆಗಸ್ಟ್ 18, ಶುಕ್ರವಾರ, ಚಿತ್ರ ತೆರೆಕಂಡಿತು. ಸುಮಾರು 2 ಕೋಟಿ ಡಾಲರಿನ ಚಿತ್ರ ಮೊದಲ ವಾರಾಂತ್ಯದಲ್ಲೇ ಅಮೆರಿಕದಲ್ಲಿ 2.3 ಕೋಟಿ ತಂದಿತು. ಮೂರು ವಾರ ಮೊದಲ ಸ್ಥಾನ ಬಿಡಲಿಲ್ಲ. ಕೊನೆಗೆ ಅಮೆರಿಕದಲ್ಲಿ 7 ಕೋಟಿ, ಜಗತ್ತಿನಾದ್ಯಂತ 12 ಕೋಟಿಗೂ ಮೇಲೆ. ವಿಮರ್ಶಕರಲ್ಲಿ ಲಾಸ್ ಏಂಜಲಿಸ್ ಟೈಮ್ಸ್‌ನ ಕೆವಿನ್ ಥಾಮಸ್‌ನಂಥ ಕೆಲವರು ಮೆಚ್ಚಿ ಬರೆದರು. ಅರ್ಧಕ್ಕಿಂತ ಹೆಚ್ಚು ಮಂದಿ ಕತೆ ಸಪ್ಪೆ, ಮಾತು ಮರದಂತೆ, ಪಾತ್ರಗಳು ರಟ್ಟಿನವು ಎಂದು ಹೇಳಿ ಮುಗಿಸಿದರು. ಬಿಡುಗಡೆಯ ದಿನ ಥಿಯೇಟರಿನಿಂದ ಹೊರಬರುವವರನ್ನು ನಿಲ್ಲಿಸಿ ಅಂಕ ಕೇಳುವ ಸಿನಿಮಾಸ್ಕೋರ್ ಎಂಬ ಸಂಸ್ಥೆ ಅಲ್ಲಿದೆ. ಅವರ ಲೆಕ್ಕದಲ್ಲಿ ಪ್ರೇಕ್ಷಕರು ಕೊಟ್ಟ ದರ್ಜೆ ‘ಎ ಮೈನಸ್’. ಪತ್ರಿಕೆಯಲ್ಲಿ ಫೇಲಾದದ್ದು ಥಿಯೇಟರಿನ ಬಾಗಿಲಲ್ಲಿ ಫಸ್ಟ್ ಕ್ಲಾಸು.

ಹಾಗಾದರೆ ಗುಟ್ಟು ಸಿಕ್ಕಿತಲ್ಲ, ಫೈಟು! ಎಲ್ಲರೂ ಹಾಗೇ ತಿಳಿದರು. ಎಡವಿದ್ದೂ ಅಲ್ಲೇ.

1997ರ ನವೆಂಬರಿನಲ್ಲಿ ಎರಡನೇ ಭಾಗ ‘ಅನೈಹಿಲೇಶನ್’ ಬಂತು. ಬಜೆಟ್ 3 ಕೋಟಿ ಡಾಲರಿಗೆ ಏರಿತ್ತು. ಆಂಡರ್ಸನ್ ಇರಲಿಲ್ಲ, ಮೊದಲ ಚಿತ್ರದ ಛಾಯಾಗ್ರಾಹಕ ಜಾನ್ ಲಿಯೊನೆಟಿ ನಿರ್ದೇಶಕನಾಗಿದ್ದ. ಹಳೆಯ ಮುಖಗಳಲ್ಲಿ ರಾಬಿನ್ ಶೂ, ಕಿಟಾನಾ ಆಗಿದ್ದ ಟಲೀಸಾ ಸೋಟೊ ಬಿಟ್ಟರೆ ಮುಖ್ಯರಾದವರು ಯಾರೂ ಇಲ್ಲ. ಜಾನಿ ಕೇಜ್‌ನನ್ನು, ಅದೂ ಬೇರೆ ನಟನ ಮುಖದಲ್ಲಿ, ಶುರುವಿನಲ್ಲೇ ಕೊಂದುಹಾಕಿದರು. ಆಮೇಲೆ ಪಾತ್ರಗಳ ಸಂತೆ. ಆಟದಲ್ಲಿ ಹೆಸರಿದ್ದವರೆಲ್ಲ ಬರುತ್ತಾರೆ, ಎರಡು ನಿಮಿಷ ಗುದ್ದಾಡುತ್ತಾರೆ, ಹೋಗುತ್ತಾರೆ. ಸ್ಕಾರ್ಪಿಯನ್ ಎಲ್ಲಿಂದ ಬಂದ, ಎಲ್ಲಿ ಹೋದ, ಯಾರೂ ಕೇಳುವುದಿಲ್ಲ. ಗ್ರಾಫಿಕ್ಸ್ ಅರೆಬೆಂದಿತ್ತು. ಮೊದಲ ವಾರಾಂತ್ಯಕ್ಕೆ 1.67 ಕೋಟಿ ಡಾಲರ್ ಬಂದು ಮೊದಲ ಸ್ಥಾನವೇನೋ ಸಿಕ್ಕಿತು, ನಂಬಿ ಬಂದವರ ದುಡ್ಡು ಅದು. ಮರುವಾರದಿಂದ ಇಳಿಮುಖ. ಒಟ್ಟು ಗಳಿಕೆ ಜಗತ್ತಿನಾದ್ಯಂತ 5.1 ಕೋಟಿ. ಪ್ರೇಕ್ಷಕರ ದರ್ಜೆ ‘ಸಿ ಪ್ಲಸ್’, ಮೆಚ್ಚಿದ ವಿಮರ್ಶಕರು ನೂರಕ್ಕೆ ಹತ್ತೂ ಇಲ್ಲ. ಫೈಟು ಮೊದಲನೆಯದಕ್ಕಿಂತ ಹೆಚ್ಚೇ ಇದ್ದವು.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮೂರನೆಯದು ಬರಲಿಲ್ಲ. 2021ರ ಏಪ್ರಿಲ್‌ನಲ್ಲಿ ಸೈಮನ್ ಮೆಕ್ವಾಯಿಡ್ ನಿರ್ದೇಶನದಲ್ಲಿ ಹೊಸ ಚಿತ್ರ ಥಿಯೇಟರಿಗೂ ಎಚ್‌ಬಿಒ ಮ್ಯಾಕ್ಸ್‌ಗೂ ಒಟ್ಟಿಗೇ ಬಂತು. ಈ ಸಲ ವಯಸ್ಕರ ಸರ್ಟಿಫಿಕೇಟು. ರಕ್ತಕ್ಕೆ, ಫೇಟಾಲಿಟಿಗೆ ಯಾವ ಬರವೂ ಇಲ್ಲ. ಹಿರೊಯುಕಿ ಸನಾಡ ಮತ್ತು ಜೋ ತಸ್ಲಿಂ ಕಾದಾಡುವ ಹಳೆಯ ಜಪಾನಿನ ಮೊದಲ ದೃಶ್ಯವನ್ನು ಬೈಯುವವರೂ ಹೊಗಳಿದರು. ಕೇನೋ ಪಾತ್ರದ ಜಾಶ್ ಲಾಸನ್ ನಗಿಸಿದ. ಆದರೂ ಹೊರಬಂದವರ ಮುಖದಲ್ಲಿ ಪೂರ್ತಿ ತೃಪ್ತಿಯಿರಲಿಲ್ಲ. ದೂರು ಎರಡು. ನಾಯಕ ಕೋಲ್ ಯಂಗ್ ಯಾವ ಆಟದಲ್ಲೂ ಇಲ್ಲದವನು. ಎರಡನೆಯದು, ಪಂದ್ಯಾವಳಿಯ ಹೆಸರಿನ ಚಿತ್ರದಲ್ಲಿ ಪಂದ್ಯಾವಳಿಯೇ ನಡೆಯುವುದಿಲ್ಲ, ಅದು ಮುಂದಿನ ಭಾಗಕ್ಕಂತೆ. ದರ್ಜೆ ‘ಬಿ ಪ್ಲಸ್’. ನೆತ್ತರಿಲ್ಲದ ಹಳೆಯ ಚಿತ್ರಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಈಗ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ಗೆಲುವಿನ ಗುಟ್ಟು ಹಣ, ಸ್ಟಾರು, ರಕ್ತ, ಫೈಟುಗಳ ಲೆಕ್ಕ ಯಾವುದೂ ಅಲ್ಲ. ಮೈಸೂರಿನ ದಸರಾ ಕುಸ್ತಿಯಲ್ಲಿ ಮೊದಲು ಜೋಡಿ ಕಟ್ಟುತ್ತಾರೆ. ಯಾರ ಮೇಲೆ ಯಾರು ಎಂದು ಗೊತ್ತಾದ ಮೇಲೆ ಜನ ತಮ್ಮ ಪೈಲ್ವಾನನ ಜೋಡಿಗಾಗಿ ಕಾಯುತ್ತಾರೆ. ಆ ಕಾಯುವಿಕೆಯಲ್ಲೇ ಅರ್ಧ ಕುಸ್ತಿ ಇದೆ. ಈ ಆಟವೂ ಹಾಗೆಯೇ. ಆಡುವವನು ಒಬ್ಬನನ್ನು ಆರಿಸಿಕೊಳ್ಳುತ್ತಾನೆ, ಅವನು ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ದಾಟಬೇಕು, ಕೊನೆಯಲ್ಲಿ ಯಾರಿದ್ದಾನೆಂದು ಮೊದಲೇ ಗೊತ್ತು. 1995ರ ಚಿತ್ರ ಅಂಥ ಪಂದ್ಯಾವಳಿಯನ್ನು ಹಾಗೇ ಇಟ್ಟುಕೊಂಡಿತ್ತು, ಆದರೆ ಕೆಲವು ಜೋಡಿಗಳನ್ನು ಕಟ್ಟಿ ಕಾದಾಡಿಸದೆ ಬಿಟ್ಟಿತ್ತು. ಫೈಟು ಸಾಲದು ಎಂದವರ ಬಾಯಲ್ಲಿದ್ದದ್ದು ಆ ಬಾಕಿ. ಎರಡನೇ ಭಾಗ ಜೋಡಿ ಕಟ್ಟದೆ ಕಾದಾಡಿಸಿತು, 2021ರದ್ದು ಜೋಡಿ ಕಟ್ಟಿ ಅಖಾಡವನ್ನೇ ತೆರೆಯಲಿಲ್ಲ. ವಿಮರ್ಶಕರು ಅಳೆದದ್ದು ಕತೆಯನ್ನು, ಅದು ನಿಜಕ್ಕೂ ತೆಳುವೇ.

ಈ ಮೂರರಲ್ಲಿ ಹೆಚ್ಚು ದುಡ್ಡಿನದು, ಹೆಚ್ಚು ನೆತ್ತರಿನದು 2021ರ ಚಿತ್ರ. ಹೆಚ್ಚು ಪಾತ್ರಗಳದು 1997ರದ್ದು. ಹೆಚ್ಚು ಗಳಿಸಿದ್ದು, ಪ್ರೇಕ್ಷಕರಿಂದ ಹೆಚ್ಚು ಅಂಕ ಪಡೆದದ್ದು ಮಾತ್ರ ಗ್ರಾಫಿಕ್ಸ್ ಬಾರದ ನಿರ್ದೇಶಕ ಜನರ ದೂರು ಕೇಳಿ ಮತ್ತೆ ಕ್ಯಾಮೆರಾ ತೆಗೆದ 1995ರ ಚಿತ್ರವೇ.